ಗಣೇಶ್ ಹೋಯಿತು, ದಿನೇಶ್ ಬಂತು: ಕಣ್ಣೂರಿನ ಬೀಡಿ ಕಾರ್ಮಿಕರದೊಂದು ಪ್ರಕರಣ

1968ರ ಅಕ್ಟೋಬರ್‌ನಲ್ಲಿ ಕೇರಳದ ಕಣ್ಣೂರು ಸುತ್ತಮುತ್ತ ಸುಮಾರು 12 ಸಾವಿರ ಬೀಡಿ ಕಾರ್ಮಿಕರು ಒಟ್ಟಿಗೇ ಕೆಲಸ ಕಳೆದುಕೊಂಡರು. ಬಾಗಿಲು ಹಾಕಿದ್ದು ನಮ್ಮ ಮಂಗಳೂರಿನ ಕಂಪನಿ, ಗಣೇಶ್ ಬೀಡಿ. ನಾಲ್ಕೇ ತಿಂಗಳಲ್ಲಿ, 1969ರ ಫೆಬ್ರವರಿ 15ರಂದು, ಅದೇ ಕಾರ್ಮಿಕರ ಸಹಕಾರ ಸಂಘವೊಂದು ನೋಂದಣಿಯಾಯಿತು. ಹೆಸರು ಕೇರಳ ದಿನೇಶ್ ಬೀಡಿ. ಮುಂದೆ ಒಂದು ಕಾಲಕ್ಕೆ ಅದರ ಸದಸ್ಯರ ಸಂಖ್ಯೆ 40 ಸಾವಿರ ದಾಟಿತು. ದೇಶದ ದೊಡ್ಡ ಕಾರ್ಮಿಕ ಸಹಕಾರ ಸಂಘಗಳ ಮಾತು ಬಂದಾಗೆಲ್ಲ ಈಗಲೂ ಅದರ ಹೆಸರು ಬರುತ್ತದೆ.

ಇದು ಹೇಗಾಯಿತು ಎಂದು ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ. ಕೇರಳದಲ್ಲಿ ಆಗ ಎಡಪಕ್ಷಗಳ ಸರ್ಕಾರ ಇತ್ತು, ಅದು ದುಡ್ಡು ಕೊಟ್ಟಿತು, ಆಯಿತು. ಅದು ಸುಳ್ಳಲ್ಲ. ಸರ್ಕಾರದ ಸಾಲ ಇಲ್ಲದಿದ್ದರೆ ಸಂಘ ಹುಟ್ಟುತ್ತಲೇ ಇರಲಿಲ್ಲ. ಆದರೆ ಸರ್ಕಾರದ ದುಡ್ಡಿನಲ್ಲಿ ಹುಟ್ಟಿ ಎರಡೇ ವರ್ಷದಲ್ಲಿ ಬೋರ್ಡು ಮಾತ್ರ ಉಳಿದ ಸಹಕಾರ ಸಂಘಗಳು ನಮ್ಮಲ್ಲಿ ಎಷ್ಟಿಲ್ಲ ಹೇಳಿ? ಹಾಗಾಗಿ ನಾನು ದುಡ್ಡಿನ ಲೆಕ್ಕ ಬಿಟ್ಟು ಬೇರೆ ಕಡೆ ನೋಡುತ್ತೇನೆ. ಕೆಲಸ ಹೋದ ದಿನ ಆ ಜನರ ಹತ್ತಿರ ಏನು ಉಳಿದಿತ್ತು? ಅದೇ ಜನ ಮೂವತ್ತು ವರ್ಷದ ನಂತರ ಇನ್ನೊಂದು ದೊಡ್ಡ ಬದಲಾವಣೆ ಎದುರಿಸಿದಾಗ ಅದರಲ್ಲಿ ಎಷ್ಟು ಉಪಯೋಗಕ್ಕೆ ಬಂತು?

ಬಾಗಿಲು ಮುಚ್ಚಿದ್ದು ಏಕೆ

1966ರಲ್ಲಿ ಸಂಸತ್ತು ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆಯನ್ನು ಪಾಸು ಮಾಡಿತು. ಕೆಲಸದ ಹೊತ್ತಿಗೆ ಮಿತಿ, ವಾರಕ್ಕೊಂದು ರಜೆ, ಸಂಬಳ ಸಹಿತ ರಜೆ, ಹೆರಿಗೆ ಸೌಲಭ್ಯ, ಗಾಳಿ ಬೆಳಕು ಇರುವ ಜಾಗ, ಇಂಥವೆಲ್ಲ ಅದರಲ್ಲಿದ್ದವು. ಬೀಡಿ ಸರಿಯಿಲ್ಲ ಎಂದು ಮಾಲೀಕರ ಕಡೆಯವರು ಪಕ್ಕಕ್ಕೆ ಎಸೆಯುವ ಬಗೆಗಿನ ತಕರಾರಿಗೂ ಅಲ್ಲಿ ದಾರಿ ಇತ್ತು. ಕಾಯ್ದೆ ಕೇಂದ್ರದ್ದು. ಜಾರಿಗೆ ತರುವುದು ರಾಜ್ಯಗಳಿಗೆ ಬಿಟ್ಟ ವಿಷಯ. ಇ.ಎಂ.ಎಸ್. ನಂಬೂದಿರಿಪಾಡರ ಸರ್ಕಾರ 1968ರಲ್ಲಿ ಕೇರಳದಲ್ಲಿ ಜಾರಿಗೆ ತಂದಿತು. ಪಕ್ಕದ ರಾಜ್ಯಗಳು ಇನ್ನೂ ತಂದಿರಲಿಲ್ಲ.

ಮಾಲೀಕರ ಲೆಕ್ಕ ಸರಳ. ಬೀಡಿಗೆ ಯಂತ್ರ ಬೇಡ, ಕಟ್ಟಡ ಬೇಡ. ಎಲೆ, ತಂಬಾಕು, ನೂಲು, ಒಂದು ಕತ್ತರಿ, ಒಂದು ಮೊರ ಇದ್ದರೆ ಎಲ್ಲಿ ಬೇಕಾದರೂ ಕಟ್ಟಬಹುದು. ಎಲೆ ಮಧ್ಯಪ್ರದೇಶ, ಒಡಿಶಾ ಕಡೆಯ ಕಾಡಿನಿಂದ ಬರುತ್ತದೆ. ತಂಬಾಕು ನಿಪ್ಪಾಣಿಯಿಂದಲೋ ಗುಜರಾತಿನಿಂದಲೋ ಬರುತ್ತದೆ. ಕಣ್ಣೂರಿಗೆ ಹೋಗುವ ಲಾರಿ ಮಂಗಳೂರಲ್ಲೇ ನಿಂತರೆ ಏನು ನಷ್ಟ? ಕೆಲಸ ಗಡಿ ದಾಟಿ ಇತ್ತ ಬಂತು. ದಕ್ಷಿಣ ಕನ್ನಡದ ಮನೆಗಳ ಜಗಲಿಯಲ್ಲಿ ಹೆಂಗಸರು ಮೊರ ಮಡಿಲಲ್ಲಿಟ್ಟು ಕೂತರು. ಕಣ್ಣೂರಿನವರ ಕಷ್ಟ ನಮ್ಮ ಕಡೆಯ ಎಷ್ಟೋ ಮನೆಗಳಿಗೆ ಅಕ್ಕಿ ದುಡ್ಡಾಯಿತು. ಈ ಕಥೆ ಹೇಳುವಾಗ ಕೇರಳದವರು ಇದನ್ನು ಜಾಸ್ತಿ ಹೇಳುವುದಿಲ್ಲ. ನಾವಂತೂ ಹೇಳುವುದೇ ಇಲ್ಲ.

ಕೈಗೆ ಕೆಲಸ, ಕಿವಿಗೆ ಬಿಡುವು

ಕಣ್ಣೂರಿನ ಬೀಡಿ ಕೆಲಸ ಮನೆಯ ಜಗಲಿಯಲ್ಲಿ ನಡೆಯುತ್ತಿರಲಿಲ್ಲ. ಸಣ್ಣ ಸಣ್ಣ ಶೆಡ್‌ಗಳಲ್ಲಿ ನಡೆಯುತ್ತಿತ್ತು. ಇಪ್ಪತ್ತೋ ಮೂವತ್ತೋ ಜನ, ಬಹುತೇಕ ಗಂಡಸರು, ಸಾಲಾಗಿ ನೆಲದ ಮೇಲೆ ಕೂತಿರುತ್ತಿದ್ದರು. ಎಲೆ ಕತ್ತರಿಸಬೇಕು, ತಂಬಾಕು ಹಾಕಬೇಕು, ಸುತ್ತಬೇಕು, ತುದಿ ಮಡಚಬೇಕು, ನೂಲು ಕಟ್ಟಬೇಕು. ಕೈ ಪಳಗಿದ ಮೇಲೆ ತಲೆಗೆ ಇದರಲ್ಲಿ ಕೆಲಸವೇ ಇಲ್ಲ. ಸದ್ದು ಮಾಡುವ ಯಂತ್ರವೂ ಇಲ್ಲ. ಕಿವಿ ಪೂರ್ತಿ ಖಾಲಿ.

ಆ ಖಾಲಿ ಕಿವಿಗೆ ಅವರು ಓದು ತುಂಬಿದರು. ಒಬ್ಬ ಎದ್ದು ಪೇಪರ್ ಓದುತ್ತಾನೆ, ಉಳಿದವರು ಬೀಡಿ ಕಟ್ಟುತ್ತಾ ಕೇಳುತ್ತಾರೆ. ಬೆಳಿಗ್ಗೆ ಸುದ್ದಿ, ಆಮೇಲೆ ಕಥೆಯೋ ಕಾದಂಬರಿಯೋ. ಮಧ್ಯೆ ಮಧ್ಯೆ ಚರ್ಚೆ, ಜಗಳ. ಕ್ಯೂಬಾದ ಸಿಗಾರ್ ಕಾರ್ಖಾನೆಗಳಲ್ಲೂ 1865ರ ಹೊತ್ತಿಗೇ ಇಂಥ ಓದು ಶುರುವಾಗಿತ್ತು. ತಂಬಾಕು ಸುತ್ತುವ ಕೆಲಸಕ್ಕೂ ಓದಿಗೂ ಏನೋ ನಂಟಿರಬೇಕು.

ಇದರಲ್ಲಿ ನನಗೆ ಮುಖ್ಯ ಅನ್ನಿಸುವುದು ಓದಿಗಿಂತ ಅದರ ಹಿಂದಿನ ಲೆಕ್ಕ. ಬೀಡಿ ಕೆಲಸಕ್ಕೆ ದಿನಗೂಲಿ ಇಲ್ಲ, ಸಾವಿರಕ್ಕೆ ಇಷ್ಟು ಎಂದು ಮಜೂರಿ. ಓದುವವನ ಕೈ ನಿಂತರೆ ಅವನ ಸಂಪಾದನೆಯೂ ನಿಲ್ಲುತ್ತದೆ. ದಿನಕ್ಕೆ ಸಾವಿರ ಬೀಡಿ ಕಟ್ಟುವವನು ಒಂದು ಗಂಟೆ ಓದಿದರೆ ಅಂದಾಜು ನೂರಿಪ್ಪತ್ತು ಬೀಡಿ ಖೋತಾ. ಆ ಬೀಡಿಗಳನ್ನು ಉಳಿದವರು ಕಟ್ಟಿ ಅವನ ಲೆಕ್ಕಕ್ಕೆ ಸೇರಿಸುತ್ತಿದ್ದರು. ಇಪ್ಪತ್ತು ಜನ ಇದ್ದರೆ ತಲೆಗೆ ಆರು ಬೀಡಿ. ದೊಡ್ಡ ತ್ಯಾಗವೇನೂ ಅಲ್ಲ ಅಲ್ವಾ? ಆದರೆ ದಿನಾ ಮಾಡಬೇಕು. ಮಳೆಗಾಲದಲ್ಲಿ ಎಲೆ ಸರಿ ಇಲ್ಲದಾಗಲೂ, ಮನೆಯಲ್ಲಿ ಕಾಯಿಲೆ ಇದ್ದಾಗಲೂ ಮಾಡಬೇಕು.

ಸಹಾನುಭೂತಿ ಎಂದರೆ ನಾವು ಸಾಮಾನ್ಯವಾಗಿ ಮನಸ್ಸು ಮರುಗುವುದು ಅಂದುಕೊಳ್ಳುತ್ತೇವೆ. ಕಣ್ಣೂರಿನ ಶೆಡ್‌ನಲ್ಲಿ ಅದು ಆರು ಬೀಡಿ. ಪಕ್ಕದವನ ಕೈ ಏಕೆ ನಿಂತಿದೆ ಎಂದು ತಿಳಿದು, ಅದರ ನಷ್ಟವನ್ನು ಎಲ್ಲರೂ ಹಂಚಿಕೊಳ್ಳುವ ರೂಢಿ ಅದು. 1968ರಲ್ಲಿ ಕೆಲಸ ಹೋದಾಗ ಈ ರೂಢಿಗೆ ಆಗಲೇ ಹತ್ತಾರು ವರ್ಷ ವಯಸ್ಸಾಗಿತ್ತು. ಬದಲಾವಣೆ ಬಂದ ಮೇಲೆ ಜನರನ್ನು ಒಗ್ಗೂಡಿಸಲು ಹೊರಡುವವರು ಇದನ್ನು ಗಮನಿಸಬೇಕು. ಅಲ್ಲಿ ಯಾರೂ ಬಂದು ಒಗ್ಗೂಡಿಸಲಿಲ್ಲ. ಒಗ್ಗೂಡಿಯೇ ಇದ್ದರು.

ನಾನು ಯಾರು ಎಂಬುದಕ್ಕೆ ಉತ್ತರ

ಬೀಡಿ ಯಾವ ಜಾತಿಯ ಕುಲಕಸುಬೂ ಅಲ್ಲ. ಮಲಬಾರಿಗೆ ಅದು ಬಂದದ್ದೇ 20ನೇ ಶತಮಾನದಲ್ಲಿ. ಕೆಲಸಕ್ಕೆ ಸೇರಿದವರಲ್ಲಿ ತೀಯ ಸಮುದಾಯದವರು ಜಾಸ್ತಿ. ಮೇಲ್ಜಾತಿಯವರಿಂದ ದೂರ ನಿಲ್ಲಬೇಕಾಗಿದ್ದ ಜನ ಅವರು. ಮುಸ್ಲಿಮರೂ ಇದ್ದರು. 1934ರಲ್ಲಿ ಕಣ್ಣೂರಿನಲ್ಲಿ ಮೊದಲ ಬೀಡಿ ಕಾರ್ಮಿಕ ಸಂಘ ಶುರುವಾದಾಗ ಅದಕ್ಕೆ ಶ್ರೀನಾರಾಯಣ ಗುರುಗಳ ಹೆಸರಿತ್ತು. ಆಗಿನ ಸಂದರ್ಭದಲ್ಲಿ ಅದು ಸಹಜ. ಕೆಲವೇ ವರ್ಷಗಳಲ್ಲಿ ಈ ಚಳವಳಿ ಎಲ್ಲ ಜಾತಿ, ಮತದವರನ್ನು ಸೇರಿಸಿಕೊಂಡಿತು. 1937ರಲ್ಲಿ ದೊಡ್ಡ ಮುಷ್ಕರ ನಡೆಯಿತು.

ಅಪ್ಪನ ಜಾತಿ ಹೇಳಿ ಗುರುತಿಸಿಕೊಳ್ಳಬೇಕಾಗಿದ್ದವನು ಒಂದೆರಡು ತಲೆಮಾರಿನಲ್ಲಿ 'ನಾನು ಬೀಡಿ ಕಾರ್ಮಿಕ' ಎನ್ನುವ ಹಾಗಾದ. ಹೀಗೆ ಹೇಳುವಾಗ ಅವನ ಮನಸ್ಸಿನಲ್ಲಿ ಮಾಲೀಕನ ಬ್ರ್ಯಾಂಡು ಇರುತ್ತಿರಲಿಲ್ಲ. ತಾನು ಕೂತ ಶೆಡ್, ತನ್ನ ಸಂಘ, ತಾನು ಕೇಳಿದ ಓದು ಇರುತ್ತಿತ್ತು. ಹಾಗಾಗಿ ಗಣೇಶ್ ಬೀಡಿ ಎದ್ದು ಹೋದಾಗ ಸಂಬಳ ಹೋಯಿತು, ಗುರುತು ಹೋಗಲಿಲ್ಲ. ನನ್ನ ಮಟ್ಟಿಗೆ ಇಡೀ ಪ್ರಕರಣದ ಕೀಲಿ ಇರುವುದು ಇಲ್ಲಿ. ಕಂಪನಿಯ ಐಡಿ ಕಾರ್ಡೇ ತಾನು ಎಂದುಕೊಂಡವನಿಗೆ ಕಾರ್ಡು ಕಿತ್ತುಕೊಂಡ ದಿನ ಕಾಲಡಿಯ ನೆಲವೇ ಹೋಗುತ್ತದೆ. ಬೆಂಗಳೂರಿನ ಐಟಿ ಕಚೇರಿಗಳಿಂದ ಹೊರಬಿದ್ದವರನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಒಂದು ರೂಪಾಯಿಯ ಪಾಲು

ಸಂಘ ಕಟ್ಟಿದ ರೀತಿ ಜಾಣತನದ್ದು. ಒಬ್ಬ ಕಾರ್ಮಿಕನ ಪಾಲು 20 ರೂಪಾಯಿ. ಅದರಲ್ಲಿ ಅವನು ಕೈಯಿಂದ ಕೊಡಬೇಕಾದ್ದು 1 ರೂಪಾಯಿ. ಉಳಿದ 19 ರೂಪಾಯಿ ಸರ್ಕಾರದ ಸಾಲ, ಕಂತಿನಲ್ಲಿ ತೀರಿಸಬೇಕು. ಕೆಲಸ ಇಲ್ಲದೆ ಕೂತವನಿಗೆ ಆಗ ಒಂದು ರೂಪಾಯಿಯೂ ಸುಮ್ನೆ ಬರುತ್ತಿರಲಿಲ್ಲ. ಆದರೂ ಪೂರ್ತಿ ಪುಕ್ಕಟೆ ಮಾಡದೆ ಆ ಒಂದು ರೂಪಾಯಿ ಇಟ್ಟದ್ದು ಒಳ್ಳೆಯದಾಯಿತು. ಇದು ಸರ್ಕಾರ ಕೊಟ್ಟದ್ದು ಎಂಬ ಮಾತು 'ಇದರಲ್ಲಿ ನನ್ನದೂ ಇದೆ' ಎಂದಾಗಲು ಅಷ್ಟು ಸಾಕಿತ್ತು.

ವ್ಯವಸ್ಥೆ ಎರಡು ಅಂತಸ್ತಿನದು. ಊರೂರಲ್ಲಿ ಪ್ರಾಥಮಿಕ ಸಂಘಗಳು, ಎಲ್ಲ ಸೇರಿ ಇಪ್ಪತ್ತರಷ್ಟು. ಶೆಡ್‌ಗಳನ್ನು ನಡೆಸುವುದು ಇವು. ಇವುಗಳ ಆಡಳಿತ ಮಂಡಳಿಯನ್ನು ಅದೇ ಶೆಡ್‌ನಲ್ಲಿ ಕೂತವರು ಚುನಾಯಿಸುತ್ತಾರೆ. ಮೇಲೆ ಕಣ್ಣೂರಿನಲ್ಲಿ ಕೇಂದ್ರ ಸಂಘ. ಎಲೆ, ತಂಬಾಕು ಕೊಳ್ಳುವುದು, ಬೀಡಿ ಮಾರುವುದು ಅದರ ಕೆಲಸ. ಕೈಗಾರಿಕಾ ಇಲಾಖೆಯ ಅಧಿಕಾರಿ ಜಿ.ಕೆ. ಪಣಿಕ್ಕರ್ ಅಧ್ಯಕ್ಷರಾಗಿ ಬಂದವರು ಬಹುಕಾಲ ಅಲ್ಲೇ ನಿಂತರು. ವ್ಯಾಪಾರದ ತಲೆನೋವು ಮೇಲೆ, ಮನುಷ್ಯರ ಒಡನಾಟ ಕೆಳಗೆ. ಇಪ್ಪತ್ತು ಸಾವಿರ ಜನರ ಒಂದೇ ದೊಡ್ಡ ಕಾರ್ಖಾನೆ ಕಟ್ಟಿದ್ದರೆ ಹಳೆಯ ಶೆಡ್‌ನ ಪರಿಚಯ, ಸಲಿಗೆ ಎಲ್ಲ ಅದರಲ್ಲಿ ಕರಗಿ ಹೋಗುತ್ತಿತ್ತು.

ಮೊದಲ ವರ್ಷಗಳೇನೂ ಸುಲಭವಾಗಿರಲಿಲ್ಲ. 12 ಸಾವಿರ ಜನರಿಗೂ ಒಮ್ಮೆಗೇ ಕೆಲಸ ಕೊಡಲು ಆಗಲಿಲ್ಲ. ಆರಂಭದಲ್ಲಿ ಒಳಗೆ ಬಂದವರು ಕೆಲವೇ ಸಾವಿರ. ಉಳಿದವರು ಕಾದರು. ಸೇದುವವನ ಬಾಯಿ ಮಂಗಳೂರಿನ ಬ್ರ್ಯಾಂಡುಗಳ ರುಚಿಗೆ ಒಗ್ಗಿತ್ತು. ಮಜೂರಿ ಜಾಸ್ತಿ ಕೊಡುವ ಸಂಘದ ಬೀಡಿ ಅಗ್ಗವಾಗಿರಲೂ ಸಾಧ್ಯವಿಲ್ಲ. ಆದರೂ ಕೇರಳದ ಅಂಗಡಿಗಳಲ್ಲಿ ದಿನೇಶ್ ನಿಂತಿತು. ಇದರಲ್ಲಿ ಸೇದುವವರ ಪಾಲೂ ಇದೆ. ಮೂಟೆ ಹೊರುವವನು, ನೇಕಾರ, ಬಸ್ಸಿನ ಕಂಡಕ್ಟರ್ ಅಂಗಡಿಗೆ ಹೋಗಿ ದಿನೇಶ್ ಕೇಳಿ ಪಡೆದರೆ ಪಕ್ಕದ ಮನೆಯವನ ಕೆಲಸ ಉಳಿಯುತ್ತದೆ ಎಂಬ ಮಾತು ಕಾರ್ಮಿಕ ಸಂಘಗಳ ಮೂಲಕ ಎಲ್ಲೆಡೆ ಹಬ್ಬಿತು. ಮುಂದೆ ದಿನೇಶ್ ಹೆಸರಲ್ಲಿ ನಕಲಿ ಬೀಡಿ ಬರುವಷ್ಟು ಆ ಹೆಸರು ಬೆಳೆಯಿತು.

ಭವಿಷ್ಯನಿಧಿ, ಬೋನಸ್, ರಜೆ, ಹೆರಿಗೆ ಸೌಲಭ್ಯ, ಪಿಂಚಣಿ. ಯಾವ ಕಾಯ್ದೆಯಿಂದ ತಪ್ಪಿಸಿಕೊಳ್ಳಲು ಖಾಸಗಿ ಕಂಪನಿ ಹೋಯಿತೋ ಅದೇ ಕಾಯ್ದೆಯನ್ನು ಪಾಲಿಸಿ, ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿಯೂ ಸಂಘ ನಡೆಯಿತು. ಶೆಡ್‌ನ ಓದೂ ನಡೆಯಿತು. ಓದುವವನ ಪಾಲಿನ ಬೀಡಿಯನ್ನು ಉಳಿದವರು ಕಟ್ಟುವ ಪದ್ಧತಿಯೂ ಹಾಗೇ ಮುಂದುವರಿಯಿತು. ಕಾಲ ಕಳೆದಂತೆ ಗಂಡಸರ ಜಾಗಕ್ಕೆ ಹೆಂಗಸರು ಬಂದರು. ಕೊನೆಗೆ ಅವರೇ ಬಹುಪಾಲು.

ಇಲ್ಲಿ ಒಂದು ಮಾತು ಬಿಡಬಾರದು. ಸಂಘಕ್ಕೂ ಮಾರ್ಕ್ಸ್‌ವಾದಿ ಪಕ್ಷಕ್ಕೂ ಇದ್ದ ನಂಟು ಗಟ್ಟಿಯಾದದ್ದು, ಯಾರಿಗೂ ಗುಟ್ಟಲ್ಲ. 'ನಮ್ಮವರು' ಎಂಬ ಭಾವ ಒಳಗಿನವರಿಗೆ ಎಷ್ಟು ಬೆಚ್ಚಗಿತ್ತೋ ಹೊರಗೆ ನಿಂತವನಿಗೆ ಅಷ್ಟೇ ತಣ್ಣಗೆ ಕಂಡಿರಬೇಕು. ಕಣ್ಣೂರಿನ ರಾಜಕೀಯ ಹಗೆಯ ಕಥೆ ಗೊತ್ತಿದ್ದವರು ಈ ಪ್ರಕರಣವನ್ನು ಪೂರ್ತಿ ಹೂವಿನ ಹಾರದಂತೆ ಹಿಡಿದು ನೋಡಲಾರರು. ಇನ್ನೊಂದು, ಅವರು ಕಟ್ಟುತ್ತಿದ್ದದ್ದು ಬೀಡಿ. ಸೇದುವವನ ಶ್ವಾಸಕೋಶಕ್ಕೆ ಅದನ್ನು ಸಹಕಾರ ಸಂಘ ಕಟ್ಟಿದರೂ ಒಂದೇ, ಖಾಸಗಿ ಕಂಪನಿ ಕಟ್ಟಿಸಿದರೂ ಒಂದೇ. ಕಟ್ಟುವವರಿಗೂ ತಂಬಾಕಿನ ಧೂಳು, ಕೆಮ್ಮು, ಬೆನ್ನು ನೋವು ತಪ್ಪಿದ್ದಲ್ಲ.

ಎರಡನೆಯ ಏಟು

1990ರ ದಶಕದಲ್ಲಿ ಬೀಡಿಯ ಕಾಲ ಇಳಿಯತೊಡಗಿತು. ಹುಡುಗರು ಸಿಗರೇಟಿನ ಕಡೆ ಹೋದರು, ಪಾನ್ ಮಸಾಲ ಬಂತು, ಆರೋಗ್ಯದ ಎಚ್ಚರಿಕೆಯೂ ಜಾಸ್ತಿಯಾಯಿತು. 1999ರಲ್ಲಿ ಕೇರಳ ಹೈಕೋರ್ಟ್ ಸಾರ್ವಜನಿಕ ಜಾಗಗಳಲ್ಲಿ ಧೂಮಪಾನ ನಿಲ್ಲಿಸಲು ಆದೇಶ ಕೊಟ್ಟಿತು. 2003ರಲ್ಲಿ ಇಡೀ ದೇಶಕ್ಕೆ ತಂಬಾಕು ನಿಯಂತ್ರಣ ಕಾಯ್ದೆ ಬಂತು. 2017ರಲ್ಲಿ ಬೀಡಿಯ ಮೇಲೆ ಶೇ 28 ಜಿಎಸ್‌ಟಿ ಬಿತ್ತು.

ಈ ಸಲ ಎದುರಿಗೆ ಬೈಯಲು ಮಾಲೀಕನಿರಲಿಲ್ಲ. ತಪ್ಪು ಯಾರದ್ದೂ ಅಲ್ಲ. ಜನ ಬೀಡಿ ಬಿಟ್ಟರೆ ಅದು ಒಳ್ಳೆಯದೇ ಎಂದು ಕಾರ್ಮಿಕನಿಗೂ ಗೊತ್ತು. 1968ರಲ್ಲಿ ಕೆಲಸ ಕೊಡುವವನು ಹೋಗಿದ್ದ, ಕಸುಬು ಉಳಿದಿತ್ತು. ಈಗ ಕಸುಬೇ ಹೋಗುತ್ತಿತ್ತು. ಮೊದಲ ಸಲ ಕೈಹಿಡಿದ ಗುರುತು ಎರಡನೆಯ ಸಲ ಅಷ್ಟೇ ಸಲೀಸಾಗಿ ಕೆಲಸಕ್ಕೆ ಬರಲಿಲ್ಲ. ನಾನು ಬೀಡಿ ಕಾರ್ಮಿಕ ಎಂಬ ಮಾತಿನಲ್ಲಿ 'ಕಾರ್ಮಿಕ' ಉಳಿಸಿಕೊಂಡು 'ಬೀಡಿ' ಬಿಡುವುದು ಹೇಗೆ?

ಸಂಘ ಹುಡುಕಿದ ದಾರಿ ಹೊಸ ಸರಕು. 1990ರ ದಶಕದ ಕೊನೆಯಲ್ಲಿ ದಿನೇಶ್ ಫುಡ್ಸ್ ಶುರುವಾಯಿತು. ತೆಂಗಿನ ಹಾಲು, ಮಸಾಲೆ ಪುಡಿ, ಉಪ್ಪಿನಕಾಯಿ, ಜಾಮ್. ಆಮೇಲೆ ಕೊಡೆ, ಸಿದ್ಧ ಉಡುಪು, ಕೊನೆಗೆ ಒಂದು ಐಟಿ ಘಟಕ. ಬೀಡಿ ಸಂಘಕ್ಕೆ ಐಟಿ ಏಕೆ ಎಂದು ನಕ್ಕವರೂ ಇರಬಹುದು. ಮಾರುಕಟ್ಟೆಯಲ್ಲಿ ದಿನೇಶ್ ಎಂಬ ಹೆಸರಿಗೆ ಬೆಲೆ ಇತ್ತು. ಮೋಸ ಮಾಡದ ಹೆಸರು ಎಂಬ ನಂಬಿಕೆಯನ್ನು ಬೀಡಿಯಿಂದ ಕೊಡೆಗೆ, ಕೊಡೆಯಿಂದ ಮಸಾಲೆಗೆ ಸಾಗಿಸಿದರು. ಜನರನ್ನು ಹೊರದಬ್ಬುವ ಬದಲು ಹೊಸ ನೇಮಕ ನಿಲ್ಲಿಸಿ, ನಿವೃತ್ತರಾದವರ ಜಾಗ ತುಂಬದೆ ಸಂಘ ನಿಧಾನಕ್ಕೆ ಚಿಕ್ಕದಾಯಿತು.

ಇದು ಗೆಲುವೇ? ಹಣದ ಕಣ್ಣಲ್ಲಿ ನೋಡಿದರೆ ಮರ್ಯಾದೆಯಿಂದ ಇಳಿದ ಇಳಿಕೆ ಎನ್ನಬಹುದು. ತೆಂಗಿನ ಹಾಲಿನ ಘಟಕ, ಕೊಡೆಯ ಘಟಕ ಸೇರಿ ಕೆಲಸ ಕೊಡುವುದು ಕೆಲವು ನೂರು ಜನರಿಗೆ, ಹತ್ತಾರು ಸಾವಿರಕ್ಕಲ್ಲ. ಯಂತ್ರ ಸದ್ದು ಮಾಡುವಲ್ಲಿ ಪೇಪರ್ ಓದಿ ಹೇಳಲು ಆಗುವುದಿಲ್ಲ. ಇಪ್ಪತ್ತು ಜನ ಆರಾರು ಬೀಡಿ ಸೇರಿಸಿ ಒಬ್ಬನಿಗೆ ಬಿಡುವು ಕೊಡುವ ಲೆಕ್ಕ ಪ್ಯಾಕಿಂಗ್ ಸಾಲಿನಲ್ಲಿ ಕೂಡುವುದಿಲ್ಲ. ಹೆಸರು ಹೊಸ ಕಟ್ಟಡಕ್ಕೆ ಬಂತು, ಒಡನಾಟದ ಆ ರೀತಿ ಹೊರಗೇ ಉಳಿಯಿತು. ನನಗಂತೂ ಇದು ದೊಡ್ಡ ನಷ್ಟ. ಸಂಘದ ಲೆಕ್ಕಪತ್ರದಲ್ಲಿ ಇದಕ್ಕೆ ಕಾಲಂ ಇರುವುದಿಲ್ಲ.

ಮಕ್ಕಳು ಬೀಡಿ ಕಟ್ಟಲು ಬರಲಿಲ್ಲ. ಅದನ್ನು ಮಾತ್ರ ನಾನು ನಷ್ಟದ ಕಡೆ ಬರೆಯಲಾರೆ. ದಿನಾ ಪೇಪರ್ ಕೇಳುತ್ತ ಕೂತ ಅಪ್ಪ ಅಮ್ಮ, ಸರಿಯಾಗಿ ಕೈಸೇರಿದ ಮಜೂರಿ, ಊರಿನ ಶಾಲೆ, ವಾಚನಾಲಯ, ಎಲ್ಲ ಸೇರಿ ಆ ಮಕ್ಕಳನ್ನು ಬೇರೆ ಕೆಲಸಗಳಿಗೆ ಕಳುಹಿಸಿದವು. ಅವರಿಗೆ ಬೀಡಿಯ ಗುರುತು ಬೇಕಾಗಲಿಲ್ಲ. ಅಮ್ಮಂದಿರಿಗೆ ಮಾತ್ರ ನಿವೃತ್ತಿಯ ತನಕ ಅದೇ ಗುರುತು ಬೇಕಿತ್ತು. ಸಂಘ ಆ ವಯಸ್ಸಿನವರಿಗೆ ಅಷ್ಟು ಸಮಯ ಕೊಟ್ಟಿತು.

ಗಡಿಯ ಈಚೆ

ಅದೇ ಬೀಡಿ, ಅದೇ ಎಲೆ, ಅದೇ ಇಳಿಕೆ ನಮ್ಮ ದಕ್ಷಿಣ ಕನ್ನಡ, ಉಡುಪಿಯಲ್ಲೂ ಇದೆ. ಇಲ್ಲಿ ಬೀಡಿ ಕಟ್ಟಿದ್ದು ಮನೆಯಲ್ಲಿ. ಅಡುಗೆ, ದನ, ಮಕ್ಕಳ ನಡುವೆ ಸಿಕ್ಕ ಹೊತ್ತಿನಲ್ಲಿ ಹೆಂಗಸರು ಕಟ್ಟಿದರು. ಕಟ್ಟಿದ್ದನ್ನು ಚೀಲದಲ್ಲಿ ಹಾಕಿಕೊಂಡು ಕಂಪನಿಯ ಬ್ರಾಂಚಿಗೆ ಹೋಗಿ ಕೊಟ್ಟು, ಹೊಸ ಎಲೆ, ತಂಬಾಕು ತಂದರು. ಅಕ್ಕಪಕ್ಕದ ಮನೆಯವರು ಮಧ್ಯಾಹ್ನ ಒಂದೇ ಜಗಲಿಯಲ್ಲಿ ಸೇರುತ್ತಿದ್ದರು, ರೇಡಿಯೋ ಹಾಡುತ್ತಿತ್ತು, ಮಾತು ಇರುತ್ತಿತ್ತು. ಕಾರ್ಮಿಕ ಸಂಘಗಳೂ ಇದ್ದವು, ಈಗಲೂ ಇವೆ. ಮಜೂರಿಗೆ, ತುಟ್ಟಿಭತ್ಯೆಗೆ, ಪಿಂಚಣಿಗೆ ಹೋರಾಡಿದ್ದಾರೆ. ನಮ್ಮಲ್ಲಿ ಒಗ್ಗಟ್ಟೇ ಇರಲಿಲ್ಲ ಎಂದರೆ ಅನ್ಯಾಯವಾಗುತ್ತದೆ.

ಆದರೆ ಇಲ್ಲಿ ಬೀಡಿ ಕಟ್ಟುವವಳನ್ನು ನೀನು ಯಾರು ಎಂದು ಕೇಳಿದರೆ 'ಬೀಡಿ ಕಾರ್ಮಿಕಳು' ಎಂಬ ಉತ್ತರ ಬರುವುದು ಕಡಿಮೆ. 'ಮನೆಯಲ್ಲೇ ಇದ್ದೇನೆ, ಸ್ವಲ್ಪ ಬೀಡಿ ಕಟ್ಟುತ್ತೇನೆ' ಎನ್ನುತ್ತಾಳೆ. ಮಗಳ ಮದುವೆಯ ಚಿನ್ನ, ಮಗನ ಕಾಲೇಜಿನ ಫೀಸು ಆ 'ಸ್ವಲ್ಪ'ದಲ್ಲೇ ಆಗಿದೆ. ಆದರೂ ಅದು ಅವಳ ಲೆಕ್ಕದಲ್ಲಿ ಕಸುಬಲ್ಲ, ಬಿಡುವಿನ ಕೆಲಸ. ಗಂಡಸರೂ ಹಾಗೇ ಅಂದುಕೊಂಡರು, ಕಂಪನಿಗೂ ಅದೇ ಅನುಕೂಲವಾಯಿತು.

ಈಗ ಎಷ್ಟೋ ಬ್ರಾಂಚುಗಳಲ್ಲಿ ಎಲೆ ಕೊಡುವುದು ಕಡಿಮೆಯಾಗಿದೆ. ವಾರಕ್ಕೆ ಕೆಲವೇ ದಿನ ಕೆಲಸ. ಈ ಕಡಿತಕ್ಕೆ ಕಣ್ಣೂರಿನ ಹಾಗೆ ಒಂದು ತಾರೀಖು ಇಲ್ಲ, ಬಾಗಿಲಿಗೆ ಬೀಗ ಬಿದ್ದ ದಿನ ಎಂಬುದಿಲ್ಲ. ಒಂದೊಂದು ಮನೆಗೆ ಒಂದೊಂದು ದಿನ, ನಾಳೆ ಎಲೆ ಇಲ್ಲ ಎಂಬಷ್ಟೇ ಮಾತಿನಲ್ಲಿ ಅದು ಬರುತ್ತದೆ. ಮನೆಯಲ್ಲಿ ದುಡಿಯುವ ಗೇರುಬೀಜ, ಊದುಬತ್ತಿ, ಹೊಲಿಗೆ ಕೆಲಸದವರಿಗೂ ಕೆಲಸ ಹೋಗುವುದು ಹೀಗೆಯೇ. ಅವರ ನಡುವೆ ಸಂಘಟನೆ ಮಾಡುವವರು ಮೊದಲು ಸಾಲ, ತರಬೇತಿ, ಹೊಸ ಯಂತ್ರದ ಯೋಜನೆ ತರುತ್ತಾರೆ. ಅದಕ್ಕಿಂತ ಮುಂಚೆ ಆ ಕೆಲಸದವರೆಲ್ಲ ವಾರಕ್ಕೊಮ್ಮೆಯಾದರೂ ಒಟ್ಟಿಗೆ ಕೂತು ಕೆಲಸ ಮಾಡುವ ಒಂದು ಜಾಗ ಮಾಡಿಕೊಟ್ಟರೆ ಖರ್ಚು ಕಡಿಮೆ. ಯಾರಿಗೆ ಎಷ್ಟು ಎಲೆ ಕಡಿತವಾಯಿತು ಎಂಬ ಲೆಕ್ಕವೂ ಅಲ್ಲೇ ಸಿಗುತ್ತದೆ.